ಏಕಟ್ಠಿಯ ನೆರೆಹೊರೆ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ, ಜೀವಕಾಂಡವೆಂಬ ಭಾಗದಲ್ಲಿ, ಒಂದು ಪ್ರಾಕೃತ ಗಾಹೆಯುಂಟು. ಅದರಲ್ಲಿ ಉಪಮೆಯಿಲ್ಲ, ವರ್ಣನೆಯಿಲ್ಲ, ಉಪದೇಶವೂ ಇಲ್ಲ. ಇಪ್ಪತ್ತು ಅಂಕಗಳ ಹೆಸರುಗಳನ್ನು ಒಂದರ ಹಿಂದೊಂದರಂತೆ ಪೋಣಿಸಿ ಛಂದಸ್ಸಿಗೆ ಕೂಡಿಸಿದೆ, ಅಷ್ಟೆ. ನಮ್ಮ ಜ್ಯೋತಿಷಗ್ರಂಥಗಳಲ್ಲಿ ಅಂಕಗಳನ್ನು ಬಿಡಿಸ್ಥಾನದಿಂದ ಮೊದಲುಮಾಡಿ ಎಡಕ್ಕೆ ನಡೆಯಿಸುವುದು ವಾಡಿಕೆ. ಇಲ್ಲಿ ಹಾಗಲ್ಲ, ನಾವು ಓದುವಂತೆಯೇ ದೊಡ್ಡ ಸ್ಥಾನದಿಂದ ಇಳಿದು ಬರಬೇಕು. ಹಾಗೆ ಬರೆದುಕೊಂಡು, ಕಣ್ಣಿಗೆ ಅನುಕೂಲವಾಗಲೆಂದು ನಾಲ್ಕು ನಾಲ್ಕಾಗಿ ಬಿಡಿಸಿದರೆ ದೊರೆಯುವ ಸಂಖ್ಯೆಯಿದು:

೧೮೪೪ ೬೭೪೪ ೦೭೩೭ ೦೯೫೫ ೧೬೧೫.

ಗೊಮ್ಮಟಸಾರವು ಹುಟ್ಟಿದ್ದು ಕ್ರಿ. ಶ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಶ್ರವಣಬೆಳಗೊಳದ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಕಾಲದಲ್ಲಿ. ಅದಕ್ಕೆ ಕೇಶವವರ್ಣಿಯು ೧೩೫೯ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಆದುದರಿಂದ ಈ ಸಂಖ್ಯೆಯನ್ನು ನಮ್ಮ ನಾಡಿನದೆಂದು ಕರೆದರೆ ಅದು ಹೆಮ್ಮೆಯ ಮಾತಲ್ಲ, ವಿಳಾಸದ ಮಾತು.

ಇಷ್ಟು ದೊಡ್ಡ ಸಂಖ್ಯೆಯು ಅಲ್ಲಿಗೆ ಏಕೆ ಬಂದಿತೆಂದು ವಾಚಕರು ಕೇಳಬಹುದು. ಶ್ರುತಜ್ಞಾನದ ಅಕ್ಷರಗಳು ಎಷ್ಟೆಂಬುದೇ ಅಲ್ಲಿನ ಪ್ರಶ್ನೆ. ಮೂಲಾಕ್ಷರಗಳು ಅರುವತ್ತುನಾಲ್ಕು: ಒಂಬತ್ತು ಸ್ವರಗಳು ಹ್ರಸ್ವ ದೀರ್ಘ ಪ್ಲುತಗಳೆಂಬ ಭೇದದಿಂದ ೨೭, ವ್ಯಂಜನಗಳು ೩೩, ಯೋಗವಾಹಗಳು ೪. ಇವುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡು, ಎರಡೆರಡನ್ನು ಕೂಡಿಸಿ, ಮೂರುಮೂರನ್ನು ಕೂಡಿಸಿ, ಹೀಗೆಯೇ ಅರುವತ್ತುನಾಲ್ಕನ್ನೂ ಒಟ್ಟಿಗೆ ಕೂಡಿಸುವವರೆಗೆ ಎಷ್ಟು ಸಂಯೋಗಗಳಾಗುವುವು? ಯಾವ ಸಂಯೋಗದಲ್ಲಾದರೂ ಒಂದೊಂದು ಅಕ್ಷರಕ್ಕೆ ಎರಡೇ ಗತಿ. ಅದು ಇದ್ದೀತು, ಇಲ್ಲವೆ ಇರದು. ಆದುದರಿಂದ ಎರಡನ್ನು ಅರುವತ್ತುನಾಲ್ಕು ಸಲ ಇಟ್ಟು ತಮ್ಮತಮ್ಮೊಳಗೆ ಗುಣಿಸಬೇಕು. ಯಾವ ಅಕ್ಷರವೂ ಇಲ್ಲದ ಬರಿದಾದ ಒಂದು ಭೇದವನ್ನು ಕಳೆಯಬೇಕು. ಉಳಿದುದೇ ಗಾಹೆಯ ಸಂಖ್ಯೆ.

ಈ ಲೆಕ್ಕವು ನನಗೆ ಹೊಸದಾಗಿ ತೋರಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಪಿಂಗಳನ ಛಂದಶ್ಶಾಸ್ತ್ರದ ಕೊನೆಯ ಅಧ್ಯಾಯವನ್ನು ಗುರುಗಳು ಹಲಗೆ ಬಳಪಗಳನ್ನು ಕೈಗೆ ಕೊಟ್ಟೇ ಹೇಳಿಸುತ್ತಿದ್ದರು. ಪಾದಕ್ಕೆ ಹದಿನಾರು ಅಕ್ಷರಗಳಿರುವ ಅಷ್ಟಿ ಎಂಬ ಛಂದಸ್ಸಿನಲ್ಲಿ, ನಾವು ಪಂಚಚಾಮರವೆಂದು ಹಾಡುವ ವೃತ್ತದ ಜಾತಿಯಲ್ಲಿ, ಲಘುಗುರುಗಳ ವಿನ್ಯಾಸಗಳು ಎಷ್ಟು? ಒಂದು ಪಾದಕ್ಕೆ ೬೫೫೩೬. ನಾಲ್ಕು ಪಾದಗಳೂ ತಮಗೆ ಇಚ್ಛೆ ಬಂದಂತೆ ನಡೆದರೆ ಒಟ್ಟು ಅಕ್ಷರಗಳು ಅರುವತ್ತುನಾಲ್ಕು. ವಿನ್ಯಾಸಗಳು ಎರಡರ ಅರುವತ್ತುನಾಲ್ಕನೆಯ ಘಾತ. ಅದನ್ನು ಅರುವತ್ತುಮೂರು ಸಲ ಗುಣಿಸಿ ಕಾಣಬೇಕಾಗಿಲ್ಲವೆಂಬುದೇ ಪಿಂಗಳನ ಚಾತುರ್ಯ. ಅರುವತ್ತುನಾಲ್ಕನ್ನು ಅರ್ಧಿಸುತ್ತ ಒಂದಕ್ಕೆ ಇಳಿಯಿರಿ. ಎಷ್ಟು ಸಲ ಅರ್ಧಿಸಿದಿರೋ ಅಷ್ಟು ಸಲ ವರ್ಗ ಮಾಡುತ್ತ ಮೇಲಕ್ಕೆ ಏರಿರಿ. ಎರಡು, ನಾಲ್ಕು, ಹದಿನಾರು, ೨೫೬, ೬೫೫೩೬, ೪೨೯೪೯೬೭೨೯೬. ಇದನ್ನು ಮತ್ತೊಮ್ಮೆ ವರ್ಗ ಮಾಡಿದರೆ ೧೮೪೪೬೭೪೪೦೭೩೭೦೯೫೫೧೬೧೬. ಆರು ವರ್ಗಗಳಲ್ಲಿ ಕೆಲಸವು ಮುಗಿಯಿತು. ಕೊನೆಯ ವರ್ಗವನ್ನು ಹಲಗೆಯ ಮೇಲೆ ಹಿಡಿಸಲು ನಾವು ಅಕ್ಷರಗಳನ್ನು ಸಾಸಿವೆಯಷ್ಟು ಚಿಕ್ಕದಾಗಿ ಬರೆಯುತ್ತಿದ್ದೆವು.

ಜೈನಾಚಾರ್ಯರು ಇದೇ ಸಾಲನ್ನು ದ್ವಿರೂಪವರ್ಗಧಾರೆಯೆಂದು ಕರೆದು, ಅದರ ಮೆಟ್ಟಿಲುಗಳಿಗೆ ಹೆಸರನ್ನೂ ಇಟ್ಟಿದ್ದಾರೆ. ನಾಲ್ಕನೆಯ ವರ್ಗವಾದ ೬೫೫೩೬ಕ್ಕೆ ಪಣ್ಣಟ್ಠಿ, ಐದನೆಯದಕ್ಕೆ ಬಾದಾಲ, ಆರನೆಯದಕ್ಕೆ ಏಕಟ್ಠಿ. ಹೆಸರುಗಳು ಗಹನವಾಗಿ ಕೇಳಿಸಿದರೂ ಅರ್ಥವು ಸರಳ: ಅರುವತ್ತೈದು, ನಲವತ್ತೆರಡು, ಒಂದು-ಎಂಟು. ಆಯಾ ಸಂಖ್ಯೆಯ ಮೊದಲ ಅಂಕಗಳನ್ನೇ ಹೆಸರಾಗಿಸಿದ್ದಾರೆ. ಉದ್ದನೆಯ ಶ್ಲೋಕವನ್ನು ಅದರ ಮೊದಲ ಪದದಿಂದ ಕರೆಯುವ ಹಾಗೆ. ಅನುಯೋಗದ್ವಾರಸೂತ್ರದಲ್ಲಿ ಮನುಷ್ಯರ ಸಂಖ್ಯೆಯನ್ನು ಹೇಳುವಾಗ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಬೇಕೆಂದೂ, ಆ ಲಬ್ಧವನ್ನು ತೊಂಬತ್ತಾರು ಸಲ ಅರ್ಧಿಸಬಹುದೆಂದೂ ಹೇಳಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಈ ಎಣಿಕೆಗೆ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಅರ್ಧಚ್ಛೇದವೆಂದು ಹೆಸರು. ಆ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಹಳೆಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು. ಏಕಟ್ಠಿಯ ಅರ್ಧಚ್ಛೇದಗಳು ಅರುವತ್ತುನಾಲ್ಕು.

ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡೊಡನೆ ಜನರು ಚದುರಂಗದ ಹಲಗೆಯ ಗೋದಿಕಾಳುಗಳ ಕಥೆಯನ್ನು ಹೇಳತೊಡಗುವರು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಹೀಗೆ ಇಮ್ಮಡಿಸುತ್ತ ಅರುವತ್ತುನಾಲ್ಕು ಮನೆಗಳ ಮೊತ್ತವು ನಮ್ಮ ಗಾಹೆಯ ಸಂಖ್ಯೆಯೇ. ಗ್ರಾಮಿಗೆ ಇಪ್ಪತ್ತೈದು ಕಾಳುಗಳೆಂದು ಹಿಡಿದರೂ ಈಗ ಜಗತ್ತೆಲ್ಲ ಬೆಳೆಯುವ ಗೋದಿಯಿಂದ ಅದನ್ನು ತುಂಬಲು ಒಂಬೈನೂರು ವರ್ಷಗಳು ಬೇಕಾದಾವು. ಮತ್ತೊಂದು ಕಥೆ ಕಾಶಿಯದು: ಅಲ್ಲಿನ ದೇವಾಲಯದಲ್ಲಿ ಮೂರು ಕಂಬಗಳೂ ಅರುವತ್ತುನಾಲ್ಕು ಚಿನ್ನದ ಬಿಲ್ಲೆಗಳೂ ಇವೆ, ಅರ್ಚಕರು ಅವನ್ನು ಹಗಲಿರುಳು ಸಾಗಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂದು. ಸಂಸ್ಕೃತವನ್ನು ಓದಿದವನೆಂಬ ಕಾರಣಕ್ಕೆ ಈ ದೇವಾಲಯವೆಲ್ಲಿದೆಯೆಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಅದು ಎಲ್ಲಿಯೂ ಇಲ್ಲ. ಎದುವಾರ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ೧೮೮೩ರಲ್ಲಿ ಮಾರಾಟಕ್ಕೆ ತಂದ ಆಟಿಕೆಗೆ ಅಂಟಿ ಬೆಳೆದ ಕಟ್ಟುಕಥೆಯದು. ಕ್ಷಣಕ್ಕೊಂದು ಬಿಲ್ಲೆಯನ್ನು ಸಾಗಿಸಿದರೂ ಸುಮಾರು ೫೮,೪೫೦ ಕೋಟಿ ವರ್ಷಗಳು ಬೇಕು. ನಮ್ಮ ಲೆಕ್ಕದಲ್ಲಿ ನೂರಮೂವತ್ತೈದು ಕಲ್ಪಗಳು. ಬೆರಗುಪಡಿಸುವುದಕ್ಕೆ ಇದು ಸಾಕು. ಆದರೆ ಸಂಖ್ಯೆಯೊಂದು ದೊಡ್ಡದೆಂಬುದು ಅದರ ಗುಣಗಳಲ್ಲಿ ಅತ್ಯಂತ ಸಣ್ಣದು. ಅದರ ಒಳಗೇನಿದೆಯೆಂಬುದನ್ನು ನಾನು ಕಾಣುವಂತಾದದ್ದು ಬೇರೊಂದು ನಿಮಿತ್ತದಿಂದ.

ನಮ್ಮೂರಿನಲ್ಲಿ ನನ್ನ ಸ್ನೇಹಿತರೊಬ್ಬರು ಜವಳಿ ವ್ಯಾಪಾರದಲ್ಲಿದ್ದಾರೆ, ಶ್ರಾವಕರು. ಅವರ ಅಜ್ಜನವರು ಕೈಯಾರೆ ಬರೆದಿಟ್ಟ ಒಂದು ಪುಸ್ತಕವು ಅವರ ಮನೆಯಲ್ಲಿ ಸ್ವಾಧ್ಯಾಯಕ್ಕೆ ಇದೆ. ಕೆಂಪು ವಸ್ತ್ರದಲ್ಲಿ ಕಟ್ಟಿಟ್ಟು, ಚತುರ್ದಶಿಯ ದಿನ ತೆಗೆದು ಓದುತ್ತಾರೆ. ಅದರಲ್ಲಿ ಶ್ರುತಾಕ್ಷರಗಳ ಸಂಖ್ಯೆಯನ್ನು ಗಾಹೆಯಿಲ್ಲದೆ, ಅಂಕಗಳಿಂದಲೇ ಬರೆದು ಕೆಳಗೆ ಕನ್ನಡದಲ್ಲಿ ಅರ್ಥವನ್ನು ಕೊಟ್ಟಿದೆ. ಒಮ್ಮೆ ಅದನ್ನು ನನಗೆ ತೋರಿಸಿದರು. ಮೂವತ್ತೆರಡು ವರ್ಷ ಸಂಸ್ಕೃತವನ್ನೂ, ಗಣಿತದ ಉಪಾಧ್ಯಾಯರು ರಜೆ ಹಾಕಿದ ದಿನಗಳಲ್ಲಿ ಲೆಕ್ಕವನ್ನೂ ಹೇಳಿಕೊಟ್ಟ ಅಭ್ಯಾಸಬಲದಿಂದ, ಆ ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮನೆಗೆ ತಂದೆನು. ಅಂಕಗಳ ಮೊತ್ತ ಎಂಬತ್ತೇಳು. ಮೂರರಿಂದ ಭಾಗವಾಗುತ್ತದೆ, ಸರಿ. ಕೊನೆಯ ಅಂಕ ಐದು, ಅದೂ ಸರಿ. ಹದಿನೇಳರಿಂದ ಭಾಗಿಸಿದೆನು. ಹದಿನೈದು ಉಳಿಯಿತು.

ಉಳಿಯಬಾರದಾಗಿತ್ತು. ಏಕೆಂಬುದನ್ನು ಹೇಳದೆ ಮುಂದುವರಿಯುವಂತಿಲ್ಲ. ಯಾವುದೊಂದು ವರ್ಗದಿಂದ ಒಂದನ್ನು ಕಳೆದರೂ ಉಳಿದುದು ಎರಡು ತುಂಡಾಗುತ್ತದೆಂಬುದು ಶಾಲೆಯ ಹುಡುಗರಿಗೂ ತಿಳಿದದ್ದೇ: ಮೂಲಕ್ಕಿಂತ ಒಂದು ಕಡಿಮೆ, ಮೂಲಕ್ಕಿಂತ ಒಂದು ಹೆಚ್ಚು, ಇವೆರಡರ ಗುಣಲಬ್ಧವದು. ಏಕಟ್ಠಿಯು ಬಾದಾಲದ ವರ್ಗ. ಆದುದರಿಂದ ಅದರ ಎಡದ ನೆರೆಯಾದ ನಮ್ಮ ಗಾಹೆಯ ಸಂಖ್ಯೆಯು ೪೨೯೪೯೬೭೨೯೫, ೪೨೯೪೯೬೭೨೯೭ ಎಂಬೆರಡರ ಗುಣಲಬ್ಧ. ಇವುಗಳಲ್ಲಿ ಮೊದಲನೆಯದು ಬಾದಾಲಕ್ಕಿಂತ ಒಂದು ಕಡಿಮೆ. ಬಾದಾಲವೂ ಪಣ್ಣಟ್ಠಿಯ ವರ್ಗವಾದುದರಿಂದ ಅದು ಪುನಃ ೬೫೫೩೫, ೬೫೫೩೭ ಎಂದು ಒಡೆಯುತ್ತದೆ. ಹೀಗೆ ಧಾರೆಯನ್ನು ಹಿಡಿದು ಕೆಳಗಿಳಿದರೆ ೨೫೭, ೧೭, ೫, ೩ ಒಂದೊಂದಾಗಿ ಕಳಚಿ ಬೀಳುವುವು. ಕಡೆಯಲ್ಲಿ ಗಾಹೆಯ ಸಂಖ್ಯೆಯು ೩, ೫, ೧೭, ೨೫೭, ೬೫೫೩೭, ೪೨೯೪೯೬೭೨೯೭ ಇವುಗಳ ಗುಣಲಬ್ಧವೆಂದು ತಿಳಿಯುವುದು. ಎಂದರೆ ಧಾರೆಯ ಒಂದೊಂದು ಮೆಟ್ಟಿಲಿಗೂ ಒಂದನ್ನು ಕೂಡಿಸಿದರೆ ಬರುವ ಸಂಖ್ಯೆಗಳು. ಹದಿನೇಳು ಅದರ ಮನೆಯದೇ. ಅದರಿಂದ ಭಾಗಿಸಿದರೆ ೧೦೮೫೧೦೨೫೯೨೫೭೧೧೫೦೦೯೫ ಬಂದು ಶೇಷವು ಸೊನ್ನೆಯಾಗಬೇಕು.

ಈ ಹದಿನೇಳರ ಪರೀಕ್ಷೆಯು ಮೂರರ ಪರೀಕ್ಷೆಗಿಂತ ಬಹಳ ಕಟ್ಟುನಿಟ್ಟಿನದು. ಲಿಪಿಕಾರನು ಒಂದು ಅಂಕವನ್ನು ತಪ್ಪಿ ಬರೆದರೆ ಸಂಖ್ಯೆಯು ಒಂದರಿಂದ ಒಂಬತ್ತರೊಳಗಿನ ಯಾವುದೋ ಅಂಕದ ಮುಂದೆ ಕೆಲವು ಸೊನ್ನೆಗಳನ್ನಿಟ್ಟಷ್ಟು ಹೆಚ್ಚುವುದು ಅಥವಾ ತಗ್ಗುವುದು. ಅಂಥ ಸಂಖ್ಯೆಯೊಳಕ್ಕೆ ಹದಿನೇಳು ಎಂದಿಗೂ ಹೋಗದು. ಅಕ್ಕಪಕ್ಕದ ಎರಡು ಅಂಕಗಳು ಸ್ಥಾನಪಲ್ಲಟವಾದರೆ ವ್ಯತ್ಯಾಸವು ಒಂಬತ್ತರ ಮಡಿಯೊಂದರ ಮುಂದೆ ಸೊನ್ನೆಗಳು, ಅದರೊಳಕ್ಕೂ ಹೋಗದು. ಆದರೆ ಮೂರಕ್ಕಾಗಲಿ ಒಂಬತ್ತಕ್ಕಾಗಲಿ ಈ ಪಲ್ಲಟವು ಕಾಣುವುದೇ ಇಲ್ಲ, ಅಂಕಗಳ ಮೊತ್ತವು ಬದಲಾಗುವುದಿಲ್ಲವಷ್ಟೆ. ಸ್ನೇಹಿತರ ಪುಸ್ತಕದಲ್ಲಿ ಆದದ್ದು ಹೀಗೆಯೇ. ಆರು ವರ್ಗಗಳನ್ನು ಹೊಸದಾಗಿ ಮಾಡಿ ಸರಿನೋಡಿದಾಗ, ೦೭೩೭ ಎಂದಿರಬೇಕಾದೆಡೆಯಲ್ಲಿ ೦೭೭೩ ಎಂದಿತ್ತು. ಅಚ್ಚಾದ ಗೊಮ್ಮಟಸಾರವನ್ನು ತರಿಸಿ ನೋಡಿದೆನು. ಗಾಹೆಯು ಅಂಕಗಳನ್ನು ಮಾತಿನಲ್ಲಿ ಹೇಳುವುದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮೂರು, ಆಮೇಲೆ ಏಳು.

ನಾನು ಇದನ್ನು ಹೇಳಿದಾಗ ಸ್ನೇಹಿತರ ಮುಖವು ಬಾಡಿತು. ಅಜ್ಜನವರು ಎಂಬತ್ತರವರೆಗೂ ಕನ್ನಡಕವಿಲ್ಲದೆ ಬರೆದವರಂತೆ. ಆ ಪುಸ್ತಕವನ್ನು ಬರೆದ ಚಾತುರ್ಮಾಸವೆಲ್ಲ ಏಕಭುಕ್ತದಲ್ಲಿದ್ದರಂತೆ. ದೋಷವು ಅವರದೋ ಅವರ ಮುಂದಿದ್ದ ಮೂಲಪ್ರತಿಯದೋ ಯಾರು ಬಲ್ಲರು ಎಂದು ನಾನು ಹೇಳಿದ ಸಮಾಧಾನವು ಅವರಿಗೆ ಹಿಡಿಸಲಿಲ್ಲ. ಮೂರು ವಾರ ಈ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಸಂಜೆ ಅಂಗಡಿಯ ಹಳೆಯ ರೋಜುಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಅದರ ಹಿಂದಿನ ಪುಟಗಳಲ್ಲಿ ತಾವೇ ಮಾಡಿದ ಆರು ವರ್ಗಗಳನ್ನು ತೋರಿಸಿದರು. ಮೂರು, ಆಮೇಲೆ ಏಳು. ಅಜ್ಜನವರ ಅಂಕಗಳನ್ನು ಅವರು ತಿದ್ದಲಿಲ್ಲ. ಆ ಎರಡರ ಕೆಳಗೆ ಸೀಸದಕಡ್ಡಿಯಿಂದ ಒಂದೊಂದು ಬಿಂದುವನ್ನಿಟ್ಟು, ಓದುವಾಗ ಸರಿಯಾಗಿ ಓದುತ್ತಾರೆ. ಪಾಠಶೋಧನೆಯನ್ನು ಬಲ್ಲ ಪಂಡಿತರು ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾರರೆಂದು ನನ್ನ ಎಣಿಕೆ.

ಆ ಬಳಿಕ ಅವರಿಗೂ ಈ ಸಂಖ್ಯೆಯ ಹುಚ್ಚು ಹತ್ತಿತು. ನಮ್ಮ ಆಚಾರ್ಯರು ಇದರ ಗರ್ಭವನ್ನೆಲ್ಲ ಬಲ್ಲವರಾಗಿಯೇ ಗಾಹೆಯಲ್ಲಿ ಅಡಗಿಸಿಟ್ಟಿದ್ದಾರೆಂದು ಒಂದು ದಿನ ಅವರು ವಾದಿಸಿದರು. ನಾನು ಒಪ್ಪಲಿಲ್ಲ. ಧಾರೆಯು ನೇಮಿಚಂದ್ರರದು, ಅರ್ಧಚ್ಛೇದವು ವೀರಸೇನರದು, ವರ್ಗಕ್ರಮವು ಪಿಂಗಳನದು. ಇವನ್ನು ಕೊಂಡಾಡಲು ನಾಲಗೆ ಸಾಲದು. ಆದರೆ ಧಾರೆಯ ಮೆಟ್ಟಿಲುಗಳಿಗೆ ಒಂದನ್ನು ಕೂಡಿಸಿ, ಬಂದುದು ಅವಿಭಾಜ್ಯವೋ ಎಂದು ಕೇಳಿದ ಗಾಹೆಯನ್ನು ನಾನು ಕಂಡಿಲ್ಲ. ಅವರು ಇಟ್ಟ ನಿಧಿಯನ್ನು ಎಣಿಸಿಕೊಳ್ಳೋಣ; ಇಡದುದನ್ನು ಅವರ ಹೆಸರಿನಲ್ಲಿ ಜಮೆ ಮಾಡಿದರೆ ರೋಜುಪುಸ್ತಕವು ತಾಳೆಯಾಗುವುದಿಲ್ಲವೆಂದು ವ್ಯಾಪಾರಿಗಳಾದ ಅವರಿಗೆ ಅವರ ಮಾತಿನಲ್ಲೇ ಹೇಳಬೇಕಾಯಿತು.

ಆ ಪ್ರಶ್ನೆಯನ್ನು ಕೇಳಿದವನು ಪಿಯೆರ್ ದ ಫೆರ್ಮಾ ಎಂಬ ಫ್ರೆಂಚ್ ನ್ಯಾಯಾಧಿಕಾರಿ. ೩, ೫, ೧೭, ೨೫೭, ೬೫೫೩೭ ಈ ಐದೂ ಅವಿಭಾಜ್ಯಗಳು. ಆದುದರಿಂದ ಮುಂದಿನವೂ ಹಾಗೆಯೇ ಎಂದು ಅವನು ದೃಢವಾಗಿ ನಂಬಿದನು. ಸಾಧನೆಯು ಮಾತ್ರ ಕೈಗೂಡಿಲ್ಲವೆಂದು ೧೬೪೦ರಲ್ಲಿ ಬರೆದ ಪತ್ರದಲ್ಲಿ ಒಪ್ಪಿಕೊಂಡನು. ತರ್ಕವನ್ನು ಓದಿದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಪೃಥಿವಿಯಿಂದಾದ ವಸ್ತುವನ್ನೆಲ್ಲ ಕಬ್ಬಿಣದಿಂದ ಗೀಚಬಹುದೆಂಬುದನ್ನು ನೂರಾರು ಕಡೆ ಕಂಡರೂ ವ್ಯಾಪ್ತಿಯು ಸಿದ್ಧಿಸದು, ವಜ್ರದಲ್ಲಿ ಅದು ತಪ್ಪುತ್ತದೆಂದು ನೈಯಾಯಿಕರು ಮಕ್ಕಳಿಗೆ ಮೊದಲೇ ಹೇಳಿಕೊಡುತ್ತಾರೆ. ಫೆರ್ಮಾ ಕಂಡದ್ದು ನೂರಲ್ಲ, ಐದು. ಅವನ ವಜ್ರವು ಆರನೆಯದರಲ್ಲಿಯೇ ಕಾದಿತ್ತು. ೧೭೩೨ರಲ್ಲಿ ಆಯ್ಲರನು ೪೨೯೪೯೬೭೨೯೭ ಎಂಬುದು ೬೪೧ ಮತ್ತು ೬೭೦೦೪೧೭ ಇವುಗಳ ಗುಣಲಬ್ಧವೆಂದು ತೋರಿಸಿದನು.

ಇದನ್ನು ಆಯ್ಲರನು ಕುರುಡುಗುಣಾಕಾರದಿಂದ ಕಂಡುದಲ್ಲ. ಆ ಸಂಖ್ಯೆಗೆ ಅವಿಭಾಜ್ಯವಾದ ಭಾಜಕವಿದ್ದರೆ ಅದು ಅರುವತ್ತುನಾಲ್ಕರ ಮಡಿಗಿಂತ ಒಂದು ಹೆಚ್ಚಾಗಿರಲೇಬೇಕೆಂಬುದು ಅವನಿಗೆ ಹೊಳೆಯಿತು. ಅಂಥ ಅವಿಭಾಜ್ಯಗಳು ೧೯೩, ೨೫೭, ೪೪೯, ೫೭೭, ೬೪೧. ಐದನೆಯ ಪ್ರಯತ್ನಕ್ಕೇ ಬಾಗಿಲು ತೆರೆಯುತ್ತದೆ. ಭಾಗಾಕಾರವನ್ನೇ ಮಾಡದೆಯೂ ಇದನ್ನು ಕಾಣಬಹುದು. ೬೪೧ ಎಂಬುದು ೬೪೦ಕ್ಕೆ ಒಂದು ಹೆಚ್ಚು. ೬೪೦ ಎಂದರೆ ಐದನ್ನು ಎರಡರ ಏಳನೆಯ ಘಾತದಿಂದ ಗುಣಿಸಿದ್ದು. ಆದುದರಿಂದ ೬೪೧ರ ಲೆಕ್ಕದಲ್ಲಿ ೬೪೦ ಋಣ ಒಂದಕ್ಕೆ ಸಮ. ಅದರ ನಾಲ್ಕನೆಯ ಘಾತವು ಧನ ಒಂದಕ್ಕೆ ಸಮ. ಆ ನಾಲ್ಕನೆಯ ಘಾತವೆಂದರೆ ೬೨೫ನ್ನು ಎರಡರ ಇಪ್ಪತ್ತೆಂಟನೆಯ ಘಾತದಿಂದ ಗುಣಿಸಿದ್ದು. ಇನ್ನು ೬೪೧ ಎಂಬುದು ೬೨೫ಕ್ಕೆ ಹದಿನಾರು ಕೂಡಿದ್ದೂ ಹೌದು; ಎಂದರೆ ೬೨೫ರ ಸ್ಥಾನದಲ್ಲಿ ಋಣ ಹದಿನಾರನ್ನು ಇಡಬಹುದು. ಹದಿನಾರು ಎರಡರ ನಾಲ್ಕನೆಯ ಘಾತ. ಇಪ್ಪತ್ತೆಂಟೂ ನಾಲ್ಕೂ ಸೇರಿ ಮೂವತ್ತೆರಡು. ಹೀಗೆ ಬಾದಾಲವು ಋಣವಾಗಿ ಬಂದು ಒಂದಕ್ಕೆ ಸಮವಾಯಿತು. ಬಾದಾಲಕ್ಕೆ ಒಂದನ್ನು ಕೂಡಿಸಿದರೆ ೬೪೧ರ ಲೆಕ್ಕದಲ್ಲಿ ಸೊನ್ನೆ. ಈ ನಾಲ್ಕು ಸಾಲುಗಳನ್ನು ನಾನು ಬರೆದಿಟ್ಟುಕೊಂಡು ಆಗಾಗ ತೆಗೆದು ಓದುವುದುಂಟು.

ಇಲ್ಲಿಗೆ ಏಕಟ್ಠಿಯ ಎಡದ ನೆರೆಯು ಏಳು ಅವಿಭಾಜ್ಯಗಳಾಗಿ ಪೂರ್ತಿ ಬಿಚ್ಚಿಕೊಂಡಿತು. ಬಲದ ನೆರೆಯ ಕಥೆ ಬೇರೆ. ಏಕಟ್ಠಿಗೆ ಒಂದನ್ನು ಕೂಡಿಸಿದರೆ ೧೮೪೪೬೭೪೪೦೭೩೭೦೯೫೫೧೬೧೭. ಎಡದ ನೆರೆಗೂ ಇದಕ್ಕೂ ಅಂತರವು ಎರಡೇ. ಆದುದರಿಂದ ಎಡದವನನ್ನು ಭಾಗಿಸುವ ಏಳು ಅವಿಭಾಜ್ಯಗಳಲ್ಲಿ ಯಾವುದನ್ನು ಇಲ್ಲಿಗೆ ತಂದರೂ ಶೇಷವು ಎರಡೇ ಉಳಿಯುವುದು, ಒಂದೂ ಒಳಹೊಗದು. ಧಾರೆಯ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಹೀಗೆಯೇ ಹಿಂದೆಂದೂ ಬಾರದ ಹೊಸ ಅವಿಭಾಜ್ಯಗಳೇ ಬರಬೇಕು. ಗೋಲ್ಡ್‌ಬಾಖನು ಇದನ್ನು ೧೭೩೦ರಲ್ಲಿ ಆಯ್ಲರನಿಗೆ ಪತ್ರದಲ್ಲಿ ಬರೆದನು. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂಬುದು ಇದರಿಂದಲೇ ತಾನಾಗಿ ಸಿದ್ಧವಾಗುತ್ತದೆ. ಆದರೆ ಹೊಸಬರು ಯಾರೆಂಬುದನ್ನು ಆ ಯುಕ್ತಿಯು ಹೇಳದು. ಅದನ್ನು ೧೮೮೦ರಲ್ಲಿ ಹೇಳಿದವನು ಲಾಂದ್ರಿ ಎಂಬ ಫ್ರೆಂಚನು. ಆಗ ಅವನಿಗೆ ಎಂಬತ್ತೆರಡು ವರ್ಷ. ೨೭೪೧೭೭, ೬೭೨೮೦೪೨೧೩೧೦೭೨೧ ಎಂಬಿವು ಆ ಎರಡು. ತನ್ನ ಮಾರ್ಗವನ್ನು ಅವನು ಪೂರ್ತಿಯಾಗಿ ಬರೆದಿಡಲಿಲ್ಲ. ಅವನಿಗಿಂತ ಇಪ್ಪತ್ತೈದು ವರ್ಷ ಮೊದಲೇ, ೧೮೫೫ರ ಜನವರಿ ಒಂದರಂದು, ಡೋರ್ಪಾಟಿನ ವೇಧಶಾಲೆಯ ಕ್ಲೌಸೆನ್ ಎಂಬವನು ಇವೇ ಸಂಖ್ಯೆಗಳನ್ನು ಗೌಸನಿಗೆ ಪತ್ರದಲ್ಲಿ ತಿಳಿಸಿದ್ದನೆಂಬುದು ನೂರು ವರ್ಷಗಳ ಮೇಲೆ ಬೆಳಕಿಗೆ ಬಂದಿತು. ಲ್ಯೂಕಾನ ನಿಯಮದ ಪ್ರಕಾರ ಇಲ್ಲಿ ಭಾಜಕವು ೨೫೬ರ ಮಡಿಗಿಂತ ಒಂದು ಹೆಚ್ಚಾಗಿರಬೇಕು. ೨೭೪೧೭೭ ಎಂಬುದು ಆ ಸಾಲಿನಲ್ಲಿ ಸಾವಿರದ ಎಪ್ಪತ್ತೊಂದನೆಯದು. ಗುಣಿಸಿದವರಿಗೆ ಆರು ಹೆಜ್ಜೆ, ಒಡೆಯುವವರಿಗೆ ಇಷ್ಟು ದೂರ.

ಕಳೆದ ಮಳೆಗಾಲದಲ್ಲಿ ಈ ಭಾಗಾಕಾರವನ್ನು ನಾನು ಕೈಯಿಂದಲೇ ಮಾಡಿ ನೋಡಿದೆನು. ಮೊಮ್ಮಗನು ತನ್ನ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಉತ್ತರವನ್ನು ತೆಗೆದನಾದರೂ, ಅದು ಕೊನೆಯ ಅಂಕಗಳನ್ನು ನುಂಗಿ, ಉಳಿದುದನ್ನು ಹತ್ತರ ಘಾತವೆಂದು ತೋರಿಸಿತು. ನನಗೆ ಬೇಕಾದದ್ದು ಆ ಕೊನೆಯ ಅಂಕಗಳೇ. ಎರಡು ಸಂಜೆಗಳು ಹಿಡಿದವು. ಶೇಷ ಸೊನ್ನೆ.

ಧಾರೆಯ ಏಳನೆಯ ಮೆಟ್ಟಿಲಿಗೆ ಒಂದನ್ನು ಕೂಡಿಸಿದರೆ ಮೂವತ್ತೊಂಬತ್ತು ಅಂಕಗಳ ಸಂಖ್ಯೆ. ಅದು ವಿಭಾಜ್ಯವೆಂದು ೧೯೦೫ರಲ್ಲಿ ಸಿದ್ಧವಾಯಿತು. ಆದರೆ ಭಾಜಕವೊಂದು ಕೈಗೆ ಸಿಕ್ಕಿದ್ದು ೧೯೭೦ರಲ್ಲಿ, ಯಂತ್ರಗಣಕದ ಸಹಾಯದಿಂದ. ಅರುವತ್ತೈದು ವರ್ಷ ಹೊಗೆಯಿಂದ ಬೆಂಕಿಯನ್ನು ಅನುಮಾನಿಸಿದ್ದರು, ಬೆಂಕಿಯನ್ನು ಯಾರೂ ಕಂಡಿರಲಿಲ್ಲ. ಐದನೆಯದರಿಂದ ಮೂವತ್ತೆರಡನೆಯದರವರೆಗೆ ಎಲ್ಲವೂ ವಿಭಾಜ್ಯಗಳೆಂದು ಈಗ ಗೊತ್ತಾಗಿದೆ. ಫೆರ್ಮಾ ಕಂಡ ಐದನ್ನು ಬಿಟ್ಟು ಆರನೆಯ ಅವಿಭಾಜ್ಯವು ಇಂದಿನವರೆಗೆ ದೊರೆತಿಲ್ಲ. ಮೂವತ್ತಮೂರನೆಯದರಲ್ಲಿ ಇನ್ನೂರ ಐವತ್ತೆಂಟು ಕೋಟಿಗೂ ಮಿಕ್ಕ ಅಂಕಗಳಿವೆ. ಅದು ಒಡೆಯುವುದೋ ಒಡೆಯದೋ ಇನ್ನೂ ತೀರ್ಮಾನವಾಗಿಲ್ಲ.

ಇದನ್ನು ಜವಳಿಯ ಸ್ನೇಹಿತರಿಗೆ ಹೇಳಿದಾಗ, ಹದಿನೇಳರಿಂದ ಭಾಗಿಸಿ ನೋಡಿದ್ದಾರೆಯೆ ಎಂದು ಅವರು ಗಂಭೀರವಾಗಿ ಕೇಳಿದರು. ಅದಕ್ಕೆ ಉತ್ತರವು ಮಾತ್ರ ನಮಗೆ ಗೊತ್ತು. ಎರಡು ಉಳಿಯುತ್ತದೆ.